ಮಿದುಳಿನ ನರತಂತುಗಳ ನಕ್ಷೆ: ಎಂ.ಆರ್.ಐ. ವಿಧಾನಗಳ ತೌಲನಿಕ ಪರಿಚಯ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಹಳೆಯ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ಆದುದರಿಂದ ನಾನು ನನ್ನ ಇಷ್ಟದ ವಿಜ್ಞಾನ ವಿಷಯವೊಂದನ್ನು ಕುರಿತು ಬರೆಯಲು ಸಂಪಾದಕ ಮಂಡಳಿಯವರ ಒಪ್ಪಿಗೆಯನ್ನು ಪಡೆದಿದ್ದೇನೆ. ನಾನು ವೈದ್ಯನಲ್ಲ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಓದಿ, ಮುಂದೆ ಮೇಷ್ಟರ ಕೆಲಸಕ್ಕೆ ಸೇರಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಆದರೆ ತಿಳಿದವರನ್ನು ಕೇಳಿ, ಓದಿ, ಅರ್ಥಮಾಡಿಕೊಂಡದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದು ಮೇಷ್ಟರ ಕರ್ತವ್ಯವೆಂದು ನಂಬಿದ್ದೇನೆ.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಕೊಡಿಕೊಂಡ, ಚಿಲಮತ್ತೂರು, ಲೇಪಾಕ್ಷಿ, ಹಿಂದೂಪುರದ ಸುತ್ತಿನ ನಮ್ಮ ಜನ ತಲೆಗೆ ಸಂಬಂಧಿಸಿದ ದೊಡ್ಡ ಕಾಯಿಲೆ ಬಂದರೆ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗುತ್ತಾರೆ. ಬರುವಾಗ ದೊಡ್ಡ ಲಕೋಟೆಯಲ್ಲಿ ಸ್ಕ್ಯಾನ್ ಚಿತ್ರಗಳನ್ನು ತರುತ್ತಾರೆ. ಅವುಗಳಲ್ಲಿ ಕೆಲವು ಕಪ್ಪು ಬಿಳುಪು; ಕೆಲವು ಕೆಂಪು, ಹಸಿರು, ನೀಲಿ ಎಳೆಗಳ ಬಣ್ಣದ ಚಿತ್ರಗಳು. ‘ಇದು ನರಗಳ ಫೋಟೋ’ ಎಂದು ಮನೆಯವರು ಹೇಳುವುದನ್ನು ಕೇಳಿದ್ದೇನೆ. ಅದು ಫೋಟೋ ಅಲ್ಲ. ಅಳತೆಗಳಿಂದ ಲೆಕ್ಕ ಹಾಕಿ ಬರೆದ ನಕ್ಷೆ. ಈ ವ್ಯತ್ಯಾಸವನ್ನು ತಿಳಿಯದಿದ್ದರೆ ಶಸ್ತ್ರಚಿಕಿತ್ಸೆಯಂತಹ ನಿರ್ಧಾರದ ಸಮಯದಲ್ಲಿ ಅನಗತ್ಯ ಭಯವಾಗಲಿ ಅತಿಯಾದ ಭರವಸೆಯಾಗಲಿ ಉಂಟಾಗಬಹುದು.

ನರತಂತುಗಳೆಂದರೇನು?

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ನರಕೋಶದಿಂದಲೂ ಒಂದು ಉದ್ದನೆಯ ಎಳೆ ಹೊರಟು ಬೇರೆ ಕೋಶಗಳಿಗೆ ಸಂದೇಶವನ್ನು ಒಯ್ಯುತ್ತದೆ. ಇದೇ ನರತಂತು. ಅನೇಕ ತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಈ ಹೊದಿಕೆಯ ಬಣ್ಣದಿಂದಾಗಿ ಮಿದುಳಿನ ಒಳಭಾಗ ಬೆಳ್ಳಗೆ ಕಾಣುವುದರಿಂದ ಅದನ್ನು ಶ್ವೇತದ್ರವ್ಯವೆಂದು ಕರೆಯುತ್ತಾರೆ. ಡೆನ್ಮಾರ್ಕಿನ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಪ್ಪತ್ತು ವರ್ಷದ ಪುರುಷನ ಮಿದುಳಿನ ಮೈಲಿನ್ ಹೊದಿಕೆಯುಳ್ಳ ತಂತುಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ಸುಮಾರು 1,76,000 ಕಿಲೋಮೀಟರ್, ಸ್ತ್ರೀಯಲ್ಲಿ ಸುಮಾರು 1,49,000 ಕಿಲೋಮೀಟರ್ ಆಗುತ್ತದೆ. ಅಂದರೆ ಭೂಮಿಯನ್ನು ಸುಮಾರು ನಾಲ್ಕು ಸುತ್ತು ಸುತ್ತಿ ಬರುವಷ್ಟು. ಎಂಬತ್ತು ವರ್ಷ ತುಂಬುವ ವೇಳೆಗೆ ಇದರಲ್ಲಿ ಶೇಕಡಾ 45ರಷ್ಟು ಕಡಮೆಯಾಗುತ್ತದೆಂದು ಅದೇ ಅಧ್ಯಯನ ಹೇಳುತ್ತದೆ.

ಈ ತಂತುಗಳು ಬಿಡಿಬಿಡಿಯಾಗಿ ಹರಡಿರುವುದಿಲ್ಲ. ಹಿಂದೂಪುರದ ರೇಷ್ಮೆ ನೂಲಿನ ಲಡಿಗಳಂತೆ ಕಟ್ಟುಕಟ್ಟಾಗಿ ಸಾಗುತ್ತವೆ. ಎಡ ಬಲ ಮಿದುಳುಗಳನ್ನು ಜೋಡಿಸುವ ದೊಡ್ಡ ಕಟ್ಟಿಗೆ ಕಾರ್ಪಸ್ ಕಲೋಸಮ್ ಎಂದು ಹೆಸರು. ಕೈಕಾಲುಗಳನ್ನು ಆಡಿಸುವ ಆಜ್ಞೆ ಮೇಲಿನಿಂದ ಬೆನ್ನುಹುರಿಗೆ ಇಳಿದು ಬರುವುದು ಮತ್ತೊಂದು ಕಟ್ಟಿನಲ್ಲಿ. ಮಾತಿಗೆ ಸಂಬಂಧಿಸಿದ ಭಾಗಗಳನ್ನು ಜೋಡಿಸುವ ಕಟ್ಟು ಕಮಾನಿನಂತೆ ಬಾಗಿದೆ. ಗೆಡ್ಡೆಯನ್ನು ತೆಗೆಯುವ ಶಸ್ತ್ರವೈದ್ಯರಿಗೆ ಈ ದಾರಿಗಳು ಎಲ್ಲಿವೆಯೆಂಬುದು ತಿಳಿದಿರಲೇಬೇಕು. ಒಂದು ಕಟ್ಟು ತುಂಡಾದರೆ ಕೈ ಬೀಳಬಹುದು, ಮಾತು ನಿಲ್ಲಬಹುದು.

ಹಿಂದಿನ ಕಾಲದಲ್ಲಿ ಇವನ್ನು ಸತ್ತವರ ಮಿದುಳಿನಲ್ಲಿ ಮಾತ್ರ ನೋಡಲು ಸಾಧ್ಯವಿತ್ತು. ಸ್ವಿಟ್ಜರ್ಲೆಂಡಿನ ಜೋಸೆಫ್ ಕ್ಲಿಂಗ್ಲರ್ 1930ರ ದಶಕದಲ್ಲಿ, ಸಂಸ್ಕರಿಸಿದ ಮಿದುಳನ್ನು ಹೆಪ್ಪುಗಟ್ಟಿಸಿ ಕರಗಿಸಿ, ಮರದ ಚಾಕುವಿನಿಂದ ಎಳೆಗಳನ್ನು ಬಿಡಿಸುವ ಉಪಾಯವನ್ನು ಕಂಡುಹಿಡಿದರು. ಬದುಕಿರುವವರ ತಲೆಯನ್ನು ತೆರೆಯದೆ ಈ ದಾರಿಗಳನ್ನು ಗುರುತಿಸಲು ಇಂದಿಗೂ ಇರುವ ಉಪಾಯ ಎಂ.ಆರ್.ಐ. ಒಂದೇ.

ನೀರೇ ಸಾಕ್ಷಿ

ಎಂ.ಆರ್.ಐ. ಯಂತ್ರ ದೊಡ್ಡದೊಂದು ಅಯಸ್ಕಾಂತ. ಎಕ್ಸ್-ರೇ ಕಿರಣಗಳು ಇದರಲ್ಲಿಲ್ಲ. ನಮ್ಮ ದೇಹದ ನೀರಿನಲ್ಲಿರುವ ಜಲಜನಕದ ಬೀಜಕಣಗಳು ಬಲವಾದ ಕಾಂತಕ್ಷೇತ್ರದಲ್ಲಿ ರೇಡಿಯೋ ಅಲೆಗೆ ಸ್ಪಂದಿಸುವುದನ್ನು ಈ ಯಂತ್ರ ಅಳೆಯುತ್ತದೆ. ಈ ಅನುರಣನ ವಿದ್ಯೆಯ ಆರಂಭದ ದಿನಗಳಲ್ಲಿಯೇ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಬೀಜಕಣಗಳ ಅನುರಣನವನ್ನು ಕುರಿತು ಪ್ರಬಂಧ ಪ್ರಕಟಿಸಿದ್ದರೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ನೀರಿನ ಅಣುಗಳು ಎಂದೂ ಸುಮ್ಮನಿರುವುದಿಲ್ಲ. ಅತ್ತಿತ್ತ ಅಲೆಯುತ್ತಲೇ ಇರುತ್ತವೆ. ಇದಕ್ಕೆ ವಿಸರಣವೆಂದು ಹೆಸರು. ಮಿದುಳಿನಲ್ಲಿ ಒಂದು ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದ ಅವಧಿಯಲ್ಲಿ ಅಣುವೊಂದು ಸುಮಾರು ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ದೂರ ಸರಿಯುತ್ತದೆ. ತೋಟದ ಕಾಲುವೆಯ ನೀರು ಉದ್ದಕ್ಕೆ ಸುಲಭವಾಗಿ ಹರಿದು, ಅಡ್ಡಕ್ಕೆ ಬದುವಿನಿಂದ ತಡೆಯಲ್ಪಡುವಂತೆ, ಶ್ವೇತದ್ರವ್ಯದ ನೀರು ತಂತುವಿನ ಉದ್ದಕ್ಕೆ ಹೆಚ್ಚು, ಅಡ್ಡಕ್ಕೆ ಕಡಮೆ ಚಲಿಸುತ್ತದೆ. ಆದ್ದರಿಂದ ನೀರು ಯಾವ ದಿಕ್ಕಿನಲ್ಲಿ ಹೆಚ್ಚು ಸರಿಯಿತೆಂದು ತಿಳಿದರೆ ತಂತು ಯಾವ ದಿಕ್ಕಿನಲ್ಲಿದೆಯೆಂದು ಊಹಿಸಬಹುದು.

ಅದನ್ನು ತಿಳಿಯುವುದು ಹೇಗೆ? ನಮ್ಮ ಶಾಲೆಯ ಮೈದಾನದ ಡ್ರಿಲ್ಲನ್ನು ನೆನೆಯಿರಿ. ಮಕ್ಕಳು ಸಾಲುಸಾಲಾಗಿ ನಿಂತಿದ್ದಾರೆ. ಮೊದಲ ಸೀಟಿಗೆ, ಒಂದನೆಯ ಸಾಲಿನವರು ಬಲಕ್ಕೆ ಒಂದು ಅಂಶ, ಎರಡನೆಯ ಸಾಲಿನವರು ಎರಡು ಅಂಶ, ಹೀಗೆ ಸಾಲಿನ ಸಂಖ್ಯೆಗೆ ತಕ್ಕಷ್ಟು ತಿರುಗಬೇಕು. ಸ್ವಲ್ಪ ಹೊತ್ತಿನ ಬಳಿಕ ಎರಡನೆಯ ಸೀಟಿಗೆ, ತಾವು ಆಗ ನಿಂತಿರುವ ಸಾಲಿನ ಸಂಖ್ಯೆಗೆ ತಕ್ಕಂತೆ ಎಡಕ್ಕೆ ತಿರುಗಬೇಕು. ಯಾರೂ ಕದಲದಿದ್ದರೆ ಎಲ್ಲರೂ ಮತ್ತೆ ಮುಂದಕ್ಕೆ ಮುಖ ಮಾಡಿರುತ್ತಾರೆ. ಮಧ್ಯೆ ಕೆಲವರು ಸಾಲು ಬದಲಾಯಿಸಿದ್ದರೆ ಅವರ ಮುಖ ಬೇರೆ ಕಡೆಗಿರುತ್ತದೆ. ಒಂದೇ ಸಾಲಿನಲ್ಲಿ ಅಡ್ಡಕ್ಕೆ ಸರಿದವರು ಮಾತ್ರ ಸಿಕ್ಕಿಬೀಳುವುದಿಲ್ಲ. ಅವರನ್ನು ಹಿಡಿಯಲು ಸಾಲುಗಳನ್ನು ಇನ್ನೊಂದು ದಿಕ್ಕಿನಲ್ಲಿ ಎಣಿಸಿ ಡ್ರಿಲ್ ಪುನಃ ಮಾಡಿಸಬೇಕು.

ಸ್ಟೆಸ್ಕಲ್ ಮತ್ತು ಟ್ಯಾನರ್ ಎಂಬ ವಿಜ್ಞಾನಿಗಳು 1965ರಲ್ಲಿ ಹೇಳಿಕೊಟ್ಟ ವಿಧಾನ ಇದೇ. ಸೀಟಿಯ ಬದಲಿಗೆ ಕಾಂತಕ್ಷೇತ್ರದ ಎರಡು ಮಿಡಿತಗಳು. ಮಕ್ಕಳ ಬದಲಿಗೆ ಜಲಜನಕದ ಬೀಜಕಣಗಳು. ಆ ದಿಕ್ಕಿನಲ್ಲಿ ನೀರು ಹೆಚ್ಚು ಸರಿದಷ್ಟೂ ಯಂತ್ರಕ್ಕೆ ಬರುವ ಸಂಕೇತ ಕುಗ್ಗುತ್ತದೆ. ಮಿಡಿತ ಎಷ್ಟು ಬಲವಾದದ್ದು, ಎಷ್ಟು ಹೊತ್ತಿನದು ಎಂಬುದನ್ನು ಒಟ್ಟಾಗಿ ಸೂಚಿಸುವ ಸಂಖ್ಯೆಗೆ ‘ಬಿ’ ಮೌಲ್ಯವೆಂದು ಹೆಸರು. ಮುಂದೆ ಹೇಳುವ ವಿಧಾನಗಳೆಲ್ಲ ಈ ಒಂದೇ ಬೇರಿನಿಂದ ಹೊರಟವು. ಎಷ್ಟು ದಿಕ್ಕುಗಳಲ್ಲಿ ಅಳೆಯುತ್ತಾರೆ, ಎಷ್ಟು ಬಲದಿಂದ ಅಳೆಯುತ್ತಾರೆ, ಅಳತೆಗಳಿಂದ ಹೇಗೆ ಅರ್ಥ ಹೊರಡಿಸುತ್ತಾರೆ ಎಂಬುದರಲ್ಲಿ ಮಾತ್ರ ಭೇದ.

ಮೊದಲನೆಯದು: ಡಿ.ಟಿ.ಐ.

ಫ್ರಾನ್ಸಿನ ಡೆನಿಸ್ ಲ ಬಿಹಾನ್ 1980ರ ದಶಕದ ನಡುವಿನಲ್ಲಿ ಮಿದುಳಿನ ವಿಸರಣ ಚಿತ್ರಗಳನ್ನು ತೆಗೆದರು. 1994ರಲ್ಲಿ ಪೀಟರ್ ಬಾಸರ್, ಮ್ಯಾಟಿಯೆಲೋ ಮತ್ತು ಲ ಬಿಹಾನ್ ಸೇರಿ ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್, ಸಂಕ್ಷಿಪ್ತವಾಗಿ ಡಿ.ಟಿ.ಐ., ಎಂಬ ವಿಧಾನವನ್ನು ರೂಪಿಸಿದರು. ಇಂದು ಆಸ್ಪತ್ರೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಇದೇ.

ಯಂತ್ರವು ಮಿದುಳನ್ನು ಸುಮಾರು ಎರಡು ಮಿಲಿಮೀಟರ್ ಅಳತೆಯ ಪುಟ್ಟ ಚೌಕಗಳಾಗಿ ವಿಂಗಡಿಸಿಕೊಳ್ಳುತ್ತದೆ. ಒಂದೊಂದು ಚೌಕದಲ್ಲಿಯೂ ನೀರಿನ ಚಲನೆಯ ಆಕಾರವನ್ನು ಡಿ.ಟಿ.ಐ. ಲೆಕ್ಕ ಹಾಕುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಚಲಿಸಿದರೆ ಆ ಆಕಾರ ನಿಂಬೆಹಣ್ಣಿನಂತೆ ದುಂಡಗೆ. ಒಂದೇ ದಿಕ್ಕಿಗೆ ಹೆಚ್ಚಾಗಿ ಚಲಿಸಿದರೆ ಸೌತೆಕಾಯಿಯಂತೆ ಉದ್ದಗೆ. ಸೌತೆಕಾಯಿ ಯಾವ ಕಡೆಗೆ ಮಲಗಿದೆಯೋ ಅದೇ ತಂತುವಿನ ದಿಕ್ಕು. ಆಕಾರ ಎಷ್ಟು ಉದ್ದಗಿದೆಯೆಂಬುದನ್ನು ಸೊನ್ನೆಯಿಂದ ಒಂದರವರೆಗಿನ ಎಫ್.ಎ. ಎಂಬ ಸಂಖ್ಯೆ ತಿಳಿಸುತ್ತದೆ. ಬಣ್ಣಗಳಿಗೂ ಅರ್ಥವಿದೆ: ಎಡಬಲಕ್ಕೆ ಸಾಗುವ ತಂತು ಕೆಂಪು, ಹಿಂದುಮುಂದಕ್ಕೆ ಸಾಗುವುದು ಹಸಿರು, ಮೇಲೆಕೆಳಕ್ಕೆ ಸಾಗುವುದು ನೀಲಿ.

ಇದಕ್ಕೆ ಕನಿಷ್ಠ ಆರು ದಿಕ್ಕುಗಳ ಅಳತೆ, ಜೊತೆಗೆ ಮಿಡಿತವಿಲ್ಲದ ಒಂದು ಅಳತೆ ಸಾಕು. ವಾಡಿಕೆಯಲ್ಲಿ ಮೂವತ್ತು ದಿಕ್ಕುಗಳವರೆಗೆ ಅಳೆಯುವುದುಂಟು. ಬಿ ಮೌಲ್ಯ ಸಾವಿರದ ಆಸುಪಾಸು. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಸುಮ್ಮನೆ ಮಲಗಿರಲಾರದ ಮುದುಕರಿಗೂ ಮಕ್ಕಳಿಗೂ ಇದು ದೊಡ್ಡ ಅನುಕೂಲ.

ಆದರೆ ದೊಡ್ಡ ದೋಷವೊಂದಿದೆ. ಒಂದು ಚೌಕಕ್ಕೆ ಒಂದೇ ಸೌತೆಕಾಯಿ. ಆ ಚೌಕದಲ್ಲಿ ಲಕ್ಷಾಂತರ ತಂತುಗಳಿರುತ್ತವೆ. ಎರಡು ಕಟ್ಟುಗಳು ಮಗ್ಗದ ಹಾಸುಹೊಕ್ಕಿನಂತೆ ಒಂದನ್ನೊಂದು ಹಾದುಹೋದರೆ ಏನು ಗತಿ? ನಮ್ಮ ಕೊಡಿಕೊಂಡ ಚೆಕ್‌ಪೋಸ್ಟನ್ನು ತೆಗೆದುಕೊಳ್ಳಿ. ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ಹೋಗುವವರೂ, ಹೆದ್ದಾರಿ ಬಿಟ್ಟು ಲೇಪಾಕ್ಷಿ, ಹಿಂದೂಪುರದ ಕಡೆಗೆ ತಿರುಗುವವರೂ ಅಲ್ಲಿದ್ದಾರೆ. ಎಲ್ಲರ ದಿಕ್ಕುಗಳನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವ ದಿಕ್ಕಿನಲ್ಲಿ ಯಾವ ರಸ್ತೆಯೂ ಇರುವುದಿಲ್ಲ. ಡಿ.ಟಿ.ಐ.ಗೂ ಇದೇ ಕಷ್ಟ. ಅಂತಹ ಚೌಕದಲ್ಲಿ ಸೌತೆಕಾಯಿಯ ಬದಲು ಇಡ್ಲಿಯಂತಹ ಚಪ್ಪಟೆ ಆಕಾರ ಬರುತ್ತದೆ, ಎಫ್.ಎ. ಸಂಖ್ಯೆ ಇಳಿಯುತ್ತದೆ, ತಂತುಗಳು ಹಾಳಾಗಿವೆಯೋ ಎಂಬ ಭ್ರಮೆ ಹುಟ್ಟುತ್ತದೆ. ಇದು ಅಪರೂಪದ ತೊಂದರೆಯೂ ಅಲ್ಲ. ಶ್ವೇತದ್ರವ್ಯದ ಚೌಕಗಳಲ್ಲಿ ಶೇಕಡಾ 60ರಿಂದ 90ರಷ್ಟರಲ್ಲಿ ಇಂತಹ ಸಂಕೀರ್ಣ ಜೋಡಣೆ ಇದೆಯೆಂದು 2013ರ ಅಧ್ಯಯನವೊಂದು ಅಂದಾಜು ಮಾಡಿತು.

ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕಾಲನ್ನು ಆಡಿಸುವ ತಂತುಗಳು ಮಿದುಳಿನ ನೆತ್ತಿಯಿಂದ ನೇರವಾಗಿ ಇಳಿಯುತ್ತವೆ, ಅವು ಡಿ.ಟಿ.ಐ.ಯಲ್ಲಿ ಚೆನ್ನಾಗಿ ಕಾಣುತ್ತವೆ. ಕೈ ಮತ್ತು ಮುಖದ ತಂತುಗಳು ಪಕ್ಕದಿಂದ ಬರುತ್ತ ಬೇರೆ ಕಟ್ಟುಗಳನ್ನು ಹಾದು ಬರಬೇಕು. ಅವು ಅನೇಕ ವೇಳೆ ಚಿತ್ರದಲ್ಲಿ ಮಾಯವಾಗುತ್ತವೆ. ಕಾಣದ ಮಾತ್ರಕ್ಕೆ ಅವು ಇಲ್ಲವೆಂದಲ್ಲ.

ಎರಡನೆಯದು: ಡಿ.ಎಸ್.ಐ.

ಈ ದೋಷವನ್ನು ನೀಗಲು ಅಮೆರಿಕದ ವ್ಯಾನ್ ವೆಡೀನ್ ಮತ್ತು ಸಂಗಡಿಗರು ಡಿಫ್ಯೂಷನ್ ಸ್ಪೆಕ್ಟ್ರಮ್ ಇಮೇಜಿಂಗ್ ಎಂಬ ವಿಧಾನವನ್ನು ಬೆಳೆಸಿ 2005ರಲ್ಲಿ ವಿವರವಾಗಿ ಪ್ರಕಟಿಸಿದರು. ಇಲ್ಲಿ ಆಕಾರ ಹೀಗೇ ಇರಬೇಕೆಂಬ ಊಹೆಯೇ ಇಲ್ಲ. ಅನೇಕ ದಿಕ್ಕುಗಳಲ್ಲಿ, ಅನೇಕ ಬಲಗಳಲ್ಲಿ, ಮೂಲ ರೂಪದಲ್ಲಿ 515 ಅಳತೆಗಳನ್ನು ತೆಗೆದು, ನೀರಿನ ಚಲನೆಯ ಪೂರ್ಣ ಸ್ವರೂಪವನ್ನೇ ಪಡೆಯುತ್ತಾರೆ. ತಂತುಗಳು ಹಾದುಹೋಗುವ ಕಡೆ ಎರಡು ಮೂರು ದಿಕ್ಕುಗಳು ಬೇರೆಬೇರೆಯಾಗಿ ಕಾಣುತ್ತವೆ.

ಬೆಲೆಯೂ ಅಷ್ಟೇ ದೊಡ್ಡದು. ಇಷ್ಟು ಅಳತೆಗಳಿಗೆ ಬಹಳ ಹೊತ್ತು ತಲೆಯನ್ನು ಅಲುಗಾಡಿಸದೆ ಮಲಗಿರಬೇಕು. ಬಿ ಮೌಲ್ಯ ಬಹಳ ಹೆಚ್ಚಿರುವುದರಿಂದ ಸಂಕೇತ ಕ್ಷೀಣಿಸುತ್ತದೆ. ಬಲವಾದ ಯಂತ್ರ ಬೇಕು. ಸಾಧಾರಣ ಆಸ್ಪತ್ರೆಯ ಯಂತ್ರಗಳಲ್ಲಿ ಮಿಡಿತದ ಬಲ ಮೀಟರಿಗೆ 40ರಿಂದ 80 ಮಿಲಿಟೆಸ್ಲಾ ಇದ್ದರೆ, ಬಾಸ್ಟನ್ನಿನಲ್ಲಿ ಸಂಶೋಧನೆಗೆಂದೇ ಕಟ್ಟಿದ ಯಂತ್ರದಲ್ಲಿ 300 ಇತ್ತು. ಈಚೆಗೆ ಅಳತೆಗಳನ್ನು ಕಡಮೆ ಮಾಡುವ, ಹಲವು ಪದರಗಳನ್ನು ಒಟ್ಟಿಗೆ ಅಳೆಯುವ ಉಪಾಯಗಳಿಂದ ಕಾಲ ಉಳಿತಾಯವಾಗಿದೆ. ಆದರೂ ಡಿ.ಎಸ್.ಐ. ಮುಖ್ಯವಾಗಿ ಸಂಶೋಧನಾಲಯದ ಸಾಧನವಾಗಿಯೇ ಉಳಿದಿದೆ.

ಮೂರನೆಯದು: ನಡುವಣ ದಾರಿ

ಇವೆರಡರ ಮಧ್ಯೆ ನಿಲ್ಲುವ ವಿಧಾನಗಳಲ್ಲಿ ಒಂದೇ ಬಲದಿಂದ, ಆದರೆ ಅನೇಕ ದಿಕ್ಕುಗಳಲ್ಲಿ ಅಳೆಯುತ್ತಾರೆ. ಡೇವಿಡ್ ಟುಕ್ 2004ರಲ್ಲಿ ಪ್ರಕಟಿಸಿದ ಕ್ಯೂ-ಬಾಲ್ ಇವುಗಳಲ್ಲಿ ಒಂದು. ಜಾಕ್ವೆಸ್-ಡೊನಾಲ್ಡ್ ಟೂರ್ನಿಯರ್ ಮತ್ತು ಸಂಗಡಿಗರು 2004ರಲ್ಲಿ ಆರಂಭಿಸಿ 2007ರಲ್ಲಿ ಸುಧಾರಿಸಿದ ಸಿ.ಎಸ್.ಡಿ. ಇನ್ನೊಂದು. ಇಂದು ಹೆಚ್ಚು ಪ್ರಚಾರದಲ್ಲಿರುವುದು ಎರಡನೆಯದು.

ಸಿ.ಎಸ್.ಡಿ.ಯ ತತ್ತ್ವ ಸರಳ. ಒಂದೇ ಕಟ್ಟು ಮಾತ್ರವಿರುವ ಚೌಕಗಳನ್ನು ಮೊದಲು ಆ ರೋಗಿಯ ಮಿದುಳಿನಲ್ಲೇ ಹುಡುಕಿ, ಒಂಟಿ ಕಟ್ಟಿನ ಸಂಕೇತ ಹೇಗಿರುತ್ತದೆಂದು ಗುರುತಿಸಿಕೊಳ್ಳುತ್ತಾರೆ. ಬಳಿಕ ಉಳಿದ ಚೌಕಗಳ ಬೆರಕೆ ಸಂಕೇತ, ಅಂತಹ ಎಷ್ಟು ಒಂಟಿ ಸಂಕೇತಗಳು ಯಾವ ಯಾವ ದಿಕ್ಕಿನಲ್ಲಿ ಸೇರಿದರೆ ಬರುತ್ತದೆಂದು ಗಣಿತದಿಂದ ಬಿಡಿಸುತ್ತಾರೆ. ಒಬ್ಬನ ಕಂಠವನ್ನು ಬಲ್ಲವರು ಗುಂಪಿನ ಹಾಡಿನಲ್ಲಿಯೂ ಅದನ್ನು ಗುರುತಿಸುವಂತೆ. ಇದಕ್ಕೆ 45ರಿಂದ 60ರಷ್ಟು ದಿಕ್ಕುಗಳು, 2,500ರಿಂದ 3,000ದಷ್ಟು ಬಿ ಮೌಲ್ಯ ಇದ್ದರೆ ಒಳ್ಳೆಯದು. ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುವುದರಿಂದ ಆಸ್ಪತ್ರೆಯಲ್ಲಿಯೂ ಸಾಧ್ಯ. ಡಿ.ಟಿ.ಐ.ಯಲ್ಲಿ ಮಾಯವಾಗುವ ಕೈ ಮತ್ತು ಮುಖದ ತಂತುಗಳು ಇದರಲ್ಲಿ ಬೀಸಣಿಗೆಯಂತೆ ಹರಡಿ ಕಾಣುತ್ತವೆ. ಆದರೆ ಅಳತೆಯಲ್ಲಿ ಗದ್ದಲ ಹೆಚ್ಚಿದ್ದರೆ ಇಲ್ಲದ ದಿಕ್ಕುಗಳೂ ತಲೆಯೆತ್ತುತ್ತವೆ. ಡಿ.ಟಿ.ಐ. ಇರುವುದನ್ನು ಬಿಡುವ ಕಡೆಗೆ ವಾಲಿದರೆ, ಸಿ.ಎಸ್.ಡಿ. ಇಲ್ಲದ್ದನ್ನು ಸೇರಿಸುವ ಕಡೆಗೆ ವಾಲಬಹುದು.

ಇವಲ್ಲದೆ 2012ರಲ್ಲಿ ಲಂಡನ್ನಿನಿಂದ ಬಂದ ನಾಡಿ ಎಂಬ ವಿಧಾನವೂ ಇದೆ. ಅದರ ಉದ್ದೇಶ ದಾರಿ ಹುಡುಕುವುದಲ್ಲ. ಒಂದು ಚೌಕದಲ್ಲಿ ತಂತುಗಳು ಎಷ್ಟು ದಟ್ಟವಾಗಿವೆ, ಎಷ್ಟು ಚದುರಿವೆ ಎಂಬುದನ್ನು ಅಂದಾಜು ಮಾಡುವುದು.

ಚೌಕದಿಂದ ಚೌಕಕ್ಕೆ

ಚೌಕದ ದಿಕ್ಕು ಸಿಕ್ಕಿದರೆ ಕೆಲಸ ಅರ್ಧ ಮುಗಿಯಿತು. ಒಂದು ಚೌಕದಿಂದ ಮುಂದಿನದಕ್ಕೆ ದಿಕ್ಕು ಹಿಡಿದು ನಡೆದು ದಾರಿಯನ್ನು ಎಳೆಯುವುದಕ್ಕೆ ಟ್ರ್ಯಾಕ್ಟೋಗ್ರಫಿ ಎನ್ನುತ್ತಾರೆ. ಪ್ರತಿ ಹೆಜ್ಜೆಯಲ್ಲಿಯೂ ಒಂದೇ ದಿಕ್ಕನ್ನು ಖಚಿತವೆಂದು ಹಿಡಿಯುವುದು ಒಂದು ಬಗೆ. ದಿಕ್ಕಿನ ಅನಿಶ್ಚಯವನ್ನೂ ಲೆಕ್ಕಕ್ಕೆ ತಂದು ಸಾವಿರಾರು ಸಲ ನಡೆದು ನೋಡುವುದು ಇನ್ನೊಂದು ಬಗೆ. ಮೊದಲನೆಯದು ಸ್ವಚ್ಛವಾಗಿ ಕಾಣುತ್ತದೆ, ಆದರೆ ಕೆಲವು ದಾರಿಗಳು ಬಿಟ್ಟುಹೋಗುತ್ತವೆ. ಎರಡನೆಯದು ಹೆಚ್ಚು ದಾರಿಗಳನ್ನು ಹಿಡಿಯುತ್ತದೆ, ಸುಳ್ಳು ದಾರಿಗಳನ್ನೂ ಸೇರಿಸುತ್ತದೆ.

ಸುಳ್ಳು ದಾರಿ ಎಷ್ಟು? ದಾರಿಗಳೆಲ್ಲ ಮೊದಲೇ ಗೊತ್ತಿರುವಂತೆ ಗಣಕಯಂತ್ರದಲ್ಲಿ ಕೃತಕ ಮಿದುಳೊಂದರ ಅಳತೆಗಳನ್ನು ಸೃಷ್ಟಿಸಿ, ಪ್ರಪಂಚದ 20 ಸಂಶೋಧನ ತಂಡಗಳಿಗೆ ಕೊಟ್ಟರು. ಅದರಲ್ಲಿ 25 ಕಟ್ಟುಗಳಿದ್ದವು. ತಂಡಗಳು 96 ನಕ್ಷೆಗಳನ್ನು ಕಳುಹಿಸಿದವು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ನಿಜವಾದ ಕಟ್ಟುಗಳಲ್ಲಿ ಬಹುಪಾಲು, ಅಲ್ಪಸ್ವಲ್ಪವಾದರೂ, ನಕ್ಷೆಗಳಲ್ಲಿ ಬಂದಿದ್ದವು. ಆದರೆ ಇಲ್ಲದ ಕಟ್ಟುಗಳ ಸಂಖ್ಯೆ ಇರುವ ಕಟ್ಟುಗಳಿಗಿಂತ ಹೆಚ್ಚಾಗಿತ್ತು. ಒಂದನ್ನೊಂದು ಹಾದುಹೋಗುವ ದಾರಿಗಳೂ, ಹತ್ತಿರ ಬಂದು ತಾಕಿ ಮರಳುವ ದಾರಿಗಳೂ ಒಂದು ಚೌಕದೊಳಗೆ ಒಂದೇ ರೀತಿ ಕಾಣುವುದೇ ಇದಕ್ಕೆ ಮುಖ್ಯ ಕಾರಣ.

ನಮ್ಮ ಬೆಂಗಳೂರಿನ ಕೊಡುಗೆ

ಇಲ್ಲಿಯೇ ನಮ್ಮ ಸಮೀಪದ ವಿಜ್ಞಾನಿಗಳ ಕೆಲಸ ಪ್ರಸ್ತುತವಾಗುತ್ತದೆ. ಎಳೆದ ದಾರಿಗಳಲ್ಲಿ ಯಾವುದು ನಿಜವೆಂದು ಪರೀಕ್ಷಿಸಲು ಫ್ರಾಂಕೊ ಪೆಸ್ಟಿಲಿ ಮತ್ತು ಸಂಗಡಿಗರು 2014ರಲ್ಲಿ ಲೈಫ್ ಎಂಬ ವಿಧಾನವನ್ನು ಸೂಚಿಸಿದ್ದರು. ಎಳೆದ ದಾರಿಗಳೆಲ್ಲ ನಿಜವಾದರೆ ಯಂತ್ರಕ್ಕೆ ಎಂತಹ ಸಂಕೇತ ಬರಬೇಕಾಗಿತ್ತೆಂದು ಹಿಮ್ಮುಖವಾಗಿ ಲೆಕ್ಕ ಹಾಕಿ, ನಿಜವಾಗಿ ಬಂದ ಸಂಕೇತದೊಡನೆ ಹೋಲಿಸಿ, ಬೇಡದ ದಾರಿಗಳನ್ನು ತೆಗೆದುಹಾಕುವುದು ಅದರ ಕ್ರಮ. ನಾವು ಗಣಿತದ ತರಗತಿಯಲ್ಲಿ ಉತ್ತರವನ್ನು ತಾಳೆ ನೋಡುವಂತೆಯೇ ಇದು. ಆದರೆ ಲಕ್ಷಾಂತರ ದಾರಿಗಳನ್ನು ತಾಳೆ ನೋಡಲು ಗಣಕಯಂತ್ರಕ್ಕೆ ದೀರ್ಘಕಾಲ ಹಿಡಿಯುತ್ತಿತ್ತು.

ಭಾರತೀಯ ವಿಜ್ಞಾನ ಸಂಸ್ಥೆಯ ದೇವರಾಜನ್ ಶ್ರೀಧರನ್, ವರ್ಷಾ ಶ್ರೀನಿವಾಸನ್, ಸಾವನ್ ಕುಮಾರ್, ಪಾರ್ಥ ತಾಲೂಕ್ದಾರ್ ಇವರು ಪೆಸ್ಟಿಲಿ ಅವರೊಡಗೂಡಿ 2022ರಲ್ಲಿ ಇದರ ಸುಧಾರಿತ ರೂಪವನ್ನು ಪ್ರಕಟಿಸಿದರು. ರಿಯಲ್-ಲೈಫ್ ಎಂಬುದು ಅದರ ಹೆಸರು. ಗಣಕಯಂತ್ರದ ಆಟಗಳಿಗೆ ಚಿತ್ರ ಬಿಡಿಸಲೆಂದು ಹುಟ್ಟಿದ ಜಿ.ಪಿ.ಯು. ಎಂಬ ಬಿಲ್ಲೆಗಳನ್ನು ಬಳಸಿ, ಕೆಲಸವನ್ನು ಹಿಂದಿನದಕ್ಕಿಂತ 150 ಪಟ್ಟು ವೇಗವಾಗಿ ಮಾಡುವಂತೆ ಅವರು ರೂಪಿಸಿದರು. ಗಂಟೆಗಳು, ದಿನಗಳು ಹಿಡಿಯುತ್ತಿದ್ದ ಲೆಕ್ಕ ನಿಮಿಷಗಳಿಗೆ ಇಳಿಯಿತು. ಸಾವಿರಾರು ಜನರ ಮಿದುಳುಗಳನ್ನು ಹೋಲಿಸುವ ಅಧ್ಯಯನಗಳಿಗೆ ಇಂತಹ ವೇಗ ಅತ್ಯಗತ್ಯ.

ಅಂತಹ ಅಧ್ಯಯನವೊಂದು ನಮ್ಮ ನೆರೆಯಲ್ಲಿಯೇ ನಡೆಯುತ್ತಿದೆ. ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು, ನಮ್ಮಂತೆಯೇ ಕನ್ನಡ ತೆಲುಗು ಎರಡನ್ನೂ ಆಡುವ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ, 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ದೀರ್ಘಕಾಲ ಗಮನಿಸುವ ಗುರಿಯಿಟ್ಟುಕೊಂಡಿದ್ದಾರೆ. ಮುಪ್ಪಿನ ಮರೆವಿನ ಕಾರಣಗಳನ್ನು ತಿಳಿಯುವುದು ಉದ್ದೇಶ. ಎಂ.ಆರ್.ಐ. ಪರೀಕ್ಷೆಯೂ ಅದರ ಒಂದು ಅಂಗ. ಮಿದುಳಿನ ಬಗೆಗಿನ ತಿಳಿವಳಿಕೆ ಬಹುಮಟ್ಟಿಗೆ ಪಾಶ್ಚಾತ್ಯ ಪಟ್ಟಣಿಗರ ಅಳತೆಗಳಿಂದ ಬಂದಿರುವಾಗ, ರಾಗಿ ಉಂಡು ಹೊಲದಲ್ಲಿ ದುಡಿದ ನಮ್ಮ ಹಿರಿಯರ ಮಿದುಳನ್ನೂ ಅಳೆಯುತ್ತಿರುವುದು ಸಣ್ಣ ಮಾತಲ್ಲ.

ರೋಗಿಯ ಮನೆಯವರು ತಿಳಿಯಬೇಕಾದದ್ದು

ಯಾವ ವಿಧಾನ ಶ್ರೇಷ್ಠ? ಒಂದೇ ಉತ್ತರವಿಲ್ಲ. ರೋಗಿ ಅಲುಗಾಡುವವನಾದರೆ, ಸಮಯ ಕಡಮೆಯಿದ್ದರೆ ಡಿ.ಟಿ.ಐ. ಮೇಲು. ಶಸ್ತ್ರಚಿಕಿತ್ಸೆಗೆ ಮುನ್ನ ಕೈ, ಮುಖ, ಮಾತಿನ ದಾರಿಗಳನ್ನು ಹುಡುಕಬೇಕಾದರೆ ಸಿ.ಎಸ್.ಡಿ.ಯಂತಹ ವಿಧಾನಕ್ಕೆ ಹೆಚ್ಚಿನ ಬೆಲೆ. ಹೊಸ ಜ್ಞಾನವನ್ನು ಅರಸುವ ಸಂಶೋಧಕನಿಗೆ, ಕಾಲವೂ ಯಂತ್ರವೂ ಇದ್ದರೆ, ಡಿ.ಎಸ್.ಐ.

ಕೆಲವು ಮಾತುಗಳನ್ನು ನಮ್ಮ ಮನೆಗಳವರು ನೆನಪಿಡಬೇಕು. ಗೆಡ್ಡೆಯ ಸುತ್ತ ನೀರು ತುಂಬಿ ಊದಿಕೊಂಡಿದ್ದರೆ ಅಲ್ಲಿನ ತಂತುಗಳು ಇದ್ದರೂ ಚಿತ್ರದಲ್ಲಿ ಕಾಣದಿರಬಹುದು. ತಲೆಯನ್ನು ತೆರೆದ ಮೇಲೆ ಮಿದುಳು ಸ್ವಲ್ಪ ಸರಿಯುವುದರಿಂದ ಮೊದಲು ತೆಗೆದ ನಕ್ಷೆಯೂ ಸರಿಯಾಗಿ ಹೊಂದದಿರಬಹುದು. ಆದ್ದರಿಂದಲೇ ಶಸ್ತ್ರವೈದ್ಯರು ಅಗತ್ಯವಿದ್ದಾಗ ರೋಗಿಯನ್ನು ಎಚ್ಚರವಾಗಿಟ್ಟು, ಮಾತನಾಡಿಸುತ್ತ, ಸಣ್ಣ ವಿದ್ಯುತ್ತಿನಿಂದ ಆ ಜಾಗವನ್ನು ಮುಟ್ಟಿ ಪರೀಕ್ಷಿಸುತ್ತಾರೆ. ನಿರ್ಣಾಯಕ ಸಾಕ್ಷ್ಯ ಅದೇ. ನಕ್ಷೆ ಅದಕ್ಕೆ ದಾರಿದೀಪ. ಹಾಗೆಯೇ ಎಫ್.ಎ. ಸಂಖ್ಯೆ ಕಡಮೆಯಿದೆಯೆಂಬ ಒಂದೇ ಕಾರಣದಿಂದ ಮಿದುಳು ಹಾಳಾಗಿದೆಯೆಂದು ಎದೆಗುಂದಬಾರದು. ಬೇರೆ ಬೇರೆ ಯಂತ್ರಗಳಲ್ಲಿ ತೆಗೆದ ಸಂಖ್ಯೆಗಳನ್ನು ತಾವೇ ಹೋಲಿಸಿಕೊಳ್ಳಲೂಬಾರದು.

ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ: ‘ಸ್ವಾಮಿ, ಈ ನಕ್ಷೆ ಯಾವ ವಿಧಾನದ್ದು? ಇದರಲ್ಲಿ ಕಾಣದ ದಾರಿಗಳು ಇರುವ ಸಂಭವವಿದೆಯೆ? ಆಪರೇಷನ್ ಸಮಯದಲ್ಲಿ ಬೇರೆ ಪರೀಕ್ಷೆಯೂ ಇರುತ್ತದೆಯೆ?’ ಒಳ್ಳೆಯ ವೈದ್ಯರು ಇಂತಹ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಇನ್ನೊಂದು ಮಾತು: ಲಕ್ವ ಹೊಡೆದಾಗ ಇದೇ ವಿಸರಣದ ಸರಳ ಚಿತ್ರ ಹಾನಿಯನ್ನು ಬಹಳ ಬೇಗನೆ ತೋರಿಸಬಲ್ಲದು. ಮುಖ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ನಾಟಿ ಔಷಧಕ್ಕೆಂದು ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ಆಂಧ್ರದ ನೆಲದಲ್ಲಿದ್ದು ಕನ್ನಡದಲ್ಲಿ ಕಲಿತವರು ವಿಜ್ಞಾನದಲ್ಲಿ ಹಿಂದೆ ಬೀಳುತ್ತಾರೆಂದು ಹೇಳುವವರನ್ನು ಈ ಐವತ್ತು ವರ್ಷಗಳಲ್ಲಿ ಬಹಳ ಕಂಡಿದ್ದೇವೆ. ಟೆನ್ಸರ್ ಎಂಬ ಮಾತು ಇಂಗ್ಲಿಷಿನದಾಗಿರಬಹುದು. ಸೌತೆಕಾಯಿ, ಇಡ್ಲಿ, ಹಾಸುಹೊಕ್ಕು ನಮ್ಮವೇ. ವಿಷಯ ಒಮ್ಮೆ ತಾಯಿನುಡಿಯಲ್ಲಿ ಮನಸ್ಸಿಗೆ ಇಳಿದರೆ ಬೇರೆ ಭಾಷೆಯ ಪುಸ್ತಕಕ್ಕೆ ಅಂಜಬೇಕಾಗಿಲ್ಲ. ನಮ್ಮ ಶಾಲೆಯ ಮಕ್ಕಳು ಈ ನಕ್ಷೆಗಳ ಕೊರತೆಗಳನ್ನು ತಿದ್ದುವ ಗಣಿತಜ್ಞರೂ ವೈದ್ಯರೂ ಆಗಲಿ. ಶಾಲೆಯು ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸುತ್ತೇನೆ.